ಮಾತಿನ ಬಾಲ

ದಾದಾಪೀರನಿಗೆ ಮೊದಲ ಅನುಮಾನ ಹುಟ್ಟಿದ್ದು ರೊಟ್ಟಿಯಿಂದ.

ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನಿಂದ ಕಾದ ಮರಳು ತಿರುವಿ, ಹುಬ್ಬಿನ ಮೇಲೆಲ್ಲ ಬೂದಿ ಕೂರಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಎದುರಿಗೆ ತಂಗಿ ಜೈನಾಬಿ ಕೂತಿದ್ದಳು. ಅವಳ ಗಂಗಾಳದಲ್ಲಿ ರೊಟ್ಟಿಯ ಮೇಲೆ ರೊಟ್ಟಿ ಬಿದ್ದಿತ್ತು.

“ಇನ್ನೊಂದ್ ಹಾಕ್ಲೇನೇ ಜೈನೂ?” ಅವ್ವ ಖಾಸಿಂಬಿ ಕೇಳಿದಳು.

“ಬೇಕು” ಎಂದಿತು ಜೈನಾಬಿಯ ಕುತ್ತಿಗೆ.

ರೊಟ್ಟಿ ಬಿತ್ತು. ಜೈನಾಬಿ ಅದನ್ನೇ ನೋಡಿದಳು. ಗಂಗಾಳಕ್ಕೆ ಬಿದ್ದದ್ದನ್ನು ಬಿಡಬಾರದು ಎಂಬುದು ಅವಳ ತಲೆಯೊಳಗಿನ ಕಾನೂನು. ಬೇರೆ ಯಾರ ಕಾನೂನಿಗೂ ಅಷ್ಟು ಬಗ್ಗದವಳು ಇದಕ್ಕೆ ಮಾತ್ರ ತಪ್ಪಿ ನಡೆದವಳಲ್ಲ. ಚೂರು ಮುರಿದು ಬಾಯಿಗಿಟ್ಟಳು. ಅಗಿಯುತ್ತ ಅಗಿಯುತ್ತ ಅವಳ ಕಣ್ಣಿಂದ ನೀರು ದಳದಳ ಇಳಿಯಿತು.

“ಖಾರ ಆತೇನೋ,” ಅಂದಳು ಅವ್ವ, ಖುಷಿಯಲ್ಲೇ. “ನೋಡಲೇ ದಾದು, ಎಷ್ಟ್ ಚೆಂದ ಉಣ್ತಾಳೆ. ಮೊದ್ಲು ಬ್ಯಾಡಡಡಡ ಅಂತ ಗಂಗಾಳ ತಳ್ಳತಿದ್ಲು. ಚೂರು ಪಲ್ಯ ಹಾಕ್ಲೇನವ್ವಾ?”

“ಹಾಕು.”

“ಹಾಕಬ್ಯಾಡ!” ದಾದಾಪೀರ ತಂಗಿಯ ಗಂಗಾಳವನ್ನೇ ತನ್ನ ಕಡೆ ಎಳೆದುಕೊಂಡ. “ಅಳಾಕತ್ತಾಳೆ ಕಾಣ್ಸಲ್ಲೇನಬೇ ನಿಂಗೆ? ಸಾಕಾಗೈತೆ ಆಕಿಗೆ.”

“ಆಕಿ ಬಾಯಿಲೇ ಬೇಕು ಅಂದ್ಲಲ್ಲೋ.”

“ಆಕಿ ಬಾಯಿ ಮುಚ್ಚಿತ್ತು.”

ಅವ್ವ ಮಗನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ, ಸೌಟನ್ನು ಮೂಲೆಯಲ್ಲಿದ್ದ ಅತ್ತೆಯ ಕಡೆ ತಿರುಗಿಸಿದಳು. ಇಮಾಂಬಿ ಅಜ್ಜಿ ಈ ಊರಿಗೆ ಸೊಸೆಯಾಗಿ ಬಂದು ಹಲ್ಲೆಲ್ಲ ಉದುರಿದ್ದರೂ ರಾಣೆಬೆನ್ನೂರು ಕಡೆಯ ತವರಿನ ಮಾತನ್ನು ಉದುರಿಸಿರಲಿಲ್ಲ. ಗಂಗಾಳದ ಮೇಲೆ ಅಂಗೈ ಅಡ್ಡ ಹಿಡಿದು, “ಒಲ್ಲೆವ್ವಾ, ಒಲ್ಲೆ. ಹೊಟ್ಟಿ ತುಂಬೇತಿ” ಅಂದಳು. ಅವ್ವ ಸೌಟನ್ನು ಹಿಂದಕ್ಕೆ ತೆಗೆದುಕೊಂಡಳು.

ಅಷ್ಟೇ. ಒಂದು ಮಾತು, ಸೌಟು ಹಿಂದಕ್ಕೆ. ಜೈನಾಬಿ ಅಜ್ಜಿಯ ಆ ಅಂಗೈಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದುದನ್ನು ದಾದಾಪೀರ ಕಂಡ.

ಚಿಕ್ಕಂದಿನಿಂದ ಜೈನಾಬಿಗೆ ಎರಡು ಹೆಸರು ಅಂಟಿದ್ದವು. ಒಂದು ಮಾತಿನ ತೊಡಕು. ಇನ್ನೊಂದು ಆಟಿಸಂ. ತೊಡಕಿದ್ದವರು ಊರಿನಲ್ಲಿ ಬೇಕಾದಷ್ಟು ಜನ. ಅವರೆಲ್ಲ ಮಾತಿನ ಹೊಸ್ತಿಲಲ್ಲಿ ಎಡವುವವರು, ಬ-ಬ-ಬಾ ಎನ್ನುವವರು. ಜೈನಾಬಿ ಎಡವುತ್ತಿದ್ದುದು ಹಿತ್ತಲ ಬಾಗಿಲಲ್ಲಿ. ಮಾತಿನೊಳಗೆ ಸಲೀಸಾಗಿ ಹೋಗುತ್ತಿದ್ದಳು, ಹೊರಗೆ ಬರಲಾಗುತ್ತಿರಲಿಲ್ಲ. “ಬರ್ತೀನಿ-ನಿ-ನಿ-ನಿ” ಎನ್ನುತ್ತ ಕೊನೆಯ ಅಕ್ಷರ ಹಿಡಿದು ಸುತ್ತುತ್ತಿದ್ದಳು. ಓಣಿಯವರು ‘ರೈಲು ಬಂತು’ ಎಂದು ನಗುತ್ತಿದ್ದರು. ಶಾಲೆಯ ಮೇಷ್ಟ್ರೊಬ್ಬ, ಓದಿಸಬೇಕಾದ ಮಹಾನುಭಾವ, ಅವಳ ಹಾಗೇ ಅಣಕಿಸಿ ಇಡೀ ಕ್ಲಾಸನ್ನು ನಗಿಸಿದ್ದ. ಆವತ್ತು ಅದೇ ಶಾಲೆಯ ಎಂಟನೇ ಕ್ಲಾಸಿನಲ್ಲಿದ್ದ ದಾದಾಪೀರ ಮೇಷ್ಟ್ರ ಸೈಕಲ್ಲಿನ ಎರಡೂ ಟೈರು ಕೊಯ್ದು, ಮತ್ತೆ ಶಾಲೆಯ ಕಡೆ ಮುಖ ಹಾಕಲಿಲ್ಲ.

ಆಮೇಲೆ ಬಂದದ್ದು ‘ಸರಾಗ’.

ರಿಂಗ್ ರೋಡಿನಾಚೆ ಗಾಜಿನ ಕಟ್ಟಡ ಎದ್ದಿತು. ಸರಾಗ ಕೇಂದ್ರ ಎಂದು ಬೋರ್ಡು. ತೊಡಕುವವರ ಕುತ್ತಿಗೆಗೆ ಬೆರಳಗಲದ ಒಂದು ಪಟ್ಟಿ ಕಟ್ಟುತ್ತಿದ್ದರು, ಪುಕ್ಕಟೆ. ಪುಕ್ಕಟೆ ಎಂದಾಗಲೇ ಎಚ್ಚರಾಗಬೇಕಿತ್ತು. ಪಟ್ಟಿ ಗಂಟಲಿನ ನರದ ಮಿಡಿತ ಓದುತ್ತದೆ, ಸುತ್ತಲಿನ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಮಾತು ತೊಡಕುತ್ತಿದೆ ಎಂದು ಗೊತ್ತಾದ ಕೂಡಲೇ ಗಂಟಲಿಗೆ ಸಣ್ಣ ಝುಮ್ಮು ಕೊಟ್ಟು ಸದ್ದು ನಿಲ್ಲಿಸುತ್ತದೆ. ಮಿಕ್ಕ ಮಾತನ್ನು ಅವರದೇ ದನಿಯಲ್ಲಿ ತಾನೇ ಆಡಿಬಿಡುತ್ತದೆ. ಕೇಳುವವರಿಗೆ ಎಲ್ಲಿ ಹೊಲಿಗೆ ಬಿತ್ತು ಎಂದು ತಿಳಿಯುವುದಿಲ್ಲ. ಓಣಿಯವರು ನಗುವುದು ನಿಲ್ಲಿಸಿದರು. ಅವ್ವ ಕೇಂದ್ರದ ಕಡೆ ಕೈ ಮುಗಿದಳು. ನಿಜ ಹೇಳಬೇಕೆಂದರೆ ಆಗ ದಾದಾಪೀರನೂ ಖುಷಿಪಟ್ಟಿದ್ದ.

ಈಗ ಕೇಂದ್ರದವರು ಎರಡನೇ ಹಂತ ಅನ್ನುತ್ತಿದ್ದರು. ಪಟ್ಟಿಯನ್ನು ಕುತ್ತಿಗೆ ಕೊಯ್ದು ಚರ್ಮದೊಳಗೆ ಕೂರಿಸುವುದು. ಆಮೇಲೆ ಬಿಚ್ಚುವ ಮಾತೇ ಇಲ್ಲ. ಜೈನಾಬಿ ಒಪ್ಪಬೇಕು, ತನ್ನ ಸ್ವಂತ ಮಾತಿನಲ್ಲಿ. ಬರುವ ಗುರುವಾರ ಒಪ್ಪಿಗೆಯ ರೆಕಾರ್ಡಿಂಗು.

ರೊಟ್ಟಿಯ ಮರುದಿನ ದಾದಾಪೀರ ಭಟ್ಟಿಗೆ ಹೋಗದೆ ಮನೆಯಲ್ಲೇ ಉಳಿದು, ತಂಗಿ ಸ್ನಾನಕ್ಕೆಂದು ಪಟ್ಟಿ ಬಿಚ್ಚುವುದನ್ನೇ ಕಾದ. ಅವಳು ಪಟ್ಟಿಯನ್ನು ಗೂಟಕ್ಕೆ ಸಿಕ್ಕಿಸಿ ಬಚ್ಚಲ ಕಡೆ ಹೊರಟಾಗ ಅಡ್ಡ ನಿಂತ.

“ಜೈನೂ, ಗಂಟ್ಲು ಕೊಯ್ದು ಇದನ್ನ ಒಳಗೆ ಹಾಕ್ತಾರಂತೆ. ಹಾಕಿಸ್ಕೊಳ್ತೀಯೇನೆ?”

ಜೈನಾಬಿ ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡಳು. “ಹಾಕಿಸ್ಕೊಳ್ಳಲ್ಲ-ಲ್ಲ-ಲ್ಲ-ಲ್ಲ-ಲ್ಲ.”

ಸ್ನಾನ ಮುಗಿಸಿ ಬಂದು ಪಟ್ಟಿ ಕಟ್ಟಿಕೊಂಡ ಮೇಲೆ ಅದೇ ಪ್ರಶ್ನೆ ಕೇಳಿದ. ಅವಳ ಕೈ ಮತ್ತೆ ಗಂಟಲಿಗೇ ಹೋಯಿತು, ಕಣ್ಣು ಅಗಲವಾದವು.

“ಹಾಕಿಸ್ಕೊಳ್ತೀನಿ” ಎಂದಿತು ಕುತ್ತಿಗೆ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ.

ದಾದಾಪೀರನ ಮೈ ಕಾದ ಮರಳಿಗೆ ಬಿದ್ದ ಅಕ್ಕಿಯಾಯಿತು.

*

ಕೇಂದ್ರದಲ್ಲಿ ಜೈನಾಬಿಯನ್ನು ನೋಡಿಕೊಳ್ಳುತ್ತಿದ್ದವರು ನೀಲಾಂಬಿಕಾ ಮೇಡಂ, ಮಾತಿನ ಚಿಕಿತ್ಸೆಯವರು, ಗದಗ ಕಡೆಯ ಹೆಣ್ಣುಮಗಳು. ಮಾತಾಡುವ ಮೊದಲು ಬಾಗಿಲ ಕಡೆ ಒಮ್ಮೆ ನೋಡುವುದು ಅವರ ಅಭ್ಯಾಸ. ದಾದಾಪೀರ ಕೂಗಾಡಿದ್ದನ್ನೆಲ್ಲ ಕೇಳಿಸಿಕೊಂಡು, ಬಾಗಿಲು ನೋಡಿ, “ಬರ್ರಿ” ಎಂದು ಒಳಗಿನ ಕೋಣೆಗೆ ಕರೆದುಕೊಂಡು ಹೋದರು.

ತಣ್ಣಗಿನ ಕೋಣೆ. ಗೋಡೆ ತುಂಬ ಪರದೆ. ಒಂದೊಂದು ಪರದೆಯ ಮೇಲೂ ಎರಡೆರಡು ಗೆರೆ ಹಾವಿನಂತೆ ಹರಿಯುತ್ತಿದ್ದವು. ಮೇಲಿನದು ಗಂಟಲು ಆಡಲು ಹೊರಟ ಮಾತು, ಕೆಳಗಿನದು ಹೊರಗೆ ಕೇಳಿಸಿದ ಮಾತು. ಕುರ್ಚಿಯಲ್ಲಿ ಮಧುಕರ ಎಂಬ ಆಪರೇಟರು ಚಹಾ ಹೀರುತ್ತಿದ್ದ.

“ಜೈನಾಬಿದು ತಗೀರಿ, ಮಧುಕರ್.”

ಪರದೆಯ ಮೇಲೆ ತಂಗಿಯ ಗೆರೆ ಬಂತು. ಅವಳು ಮನೆಯಲ್ಲಿ ಕೂತು ಅಜ್ಜಿಯೊಡನೆ ಏನೋ ಮಾತಾಡುತ್ತಿದ್ದಾಳೆ, ಅದು ಇಲ್ಲಿ ಹರಿಯುತ್ತಿದೆ.

“ಯಾವಾಗ್ಲೂ ಕೇಳ್ತಿರ್ತೀರೇನ್ರಿ ನೀವು?” ದಾದಾಪೀರನ ದನಿ ಕೆಳಗಿಳಿಯಿತು.

“ಕಲಿಯೋಕೆ ಸಾರ್,” ಅಂದ ಮಧುಕರ. “ಕೇಳಿದಷ್ಟೂ ಪಟ್ಟಿ ಜಾಣ ಆಗುತ್ತೆ.”

ಮೇಲಿನ ಗೆರೆಗೆ ಉದ್ದನೆಯ ಬಾಲ, ಅಲೆ ಮೇಲೆ ಅಲೆ. ಕೆಳಗಿನ ಗೆರೆಗೆ ಬಾಲವೇ ಇಲ್ಲ, ನುಣ್ಣಗೆ ಮುಗಿಯುತ್ತದೆ. ಹೊಲಿಗೆ ಬಿದ್ದ ಕಡೆ ಸಣ್ಣ ಕೆಂಪು ಚುಕ್ಕೆ.

ನೀಲಾಂಬಿಕಾ ಮೇಡಂ ದನಿ ತಗ್ಗಿಸಿದರು. “ಇದನ್ನ ಮಾಡಿದ್ದು ಮಾತಿನ ಮೊದಲಿಗೆ ಎಡವೋವ್ರಿಗೆ. ಅವರ ಮಾತಿನ ಬಾಲ ಅವರದೇ ಇರತೈತಿ, ತೊಂದ್ರಿ ಇಲ್ಲ. ನಿಮ್ಮ ತಂಗಿ ಎಡವೋದು ಬಾಲದಾಗ. ಪಟ್ಟಿ ಆ ಬಾಲ ಕತ್ತರಿಸಿ, ತನಗೆ ತಿಳಿದ ಬಾಲ ಹಚ್ಚತೈತಿ. ಹಂಗ ಹಚ್ಚುವಾಗ ಮಾತುಕತಿ ಯಾವುದರಿಂದ ಸುಸೂತ್ರ ಮುಂದ ಹೋಗತೈತೋ ಅದನ್ನ ಆರಿಸ್ಕೊಳ್ತದ.”

“ಅಂದ್ರೆ?”

“ಮಾಡ್ತೀನಿ, ಮಾಡಲ್ಲ. ಬೇಕು, ಬೇಡ. ಹೋಗ್ತೀನಿ, ಹೋಗಲ್ಲ. ನಮ್ಮ ಮಾತಿನಾಗ ಹೌದೂ ಅಲ್ಲಾ ಎರಡೂ ಎಲ್ಲಿರ್ತಾವ ಹೇಳ್ರಿ?”

ದಾದಾಪೀರ ಬಾಯೊಳಗೇ ಆಡಿ ನೋಡಿದ. ಮಾಡ್... ಹೋಗ್... ಬೇ... ಎಲ್ಲ ಒಂದೇ ತಲೆಯ ಹಾವುಗಳು. ವಿಷ ಇದ್ದದ್ದು ಬಾಲದಲ್ಲಿ.

“ಬಾಲದಾಗೆ” ಅಂದ. “ಅಯ್ಯೋ ನಿಮ್ಮ... ಅಂದ್ರೆ ನಮ್ ಹುಡುಗೀನ ಕೋಲೆ ಬಸವ ಮಾಡಿ ಕಳ್ಸೀರಿ. ಏನ್ ಕೇಳಿದ್ರೂ ತಲೆ ಅಲ್ಲಾಡ್ಸಬೇಕು! ಇದು ನಿಮಗೆ ಗೊತ್ತಿತ್ತೇನ್ರಿ ಮೇಡಂ?”

ಮೇಡಂ ಬಾಗಿಲ ಕಡೆ ನೋಡಿದರು. ಈ ಸಲ ಬಾಗಿಲಲ್ಲಿ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪ್ರಹ್ಲಾದ್ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಅಣ್ಣಾವ್ರೇ, ಕೂತ್ಕೊಳ್ಳಿ” ಅಂದರು ಡಾಕ್ಟರು. ಅವರದು ಸದಾ ನಗುವ ಮುಖ. ನಗು ಯಾಕೆ ಎಂದು ಕೇಳಲಾಗದಂಥ ನಗು. “ನಿಮ್ಮ ತಂಗಿದು ಜೋಡಿ ಕೇಸು. ಮಾತಿನ ತೊಂದರೆ ಒಂದೇ ಆಗಿದ್ರೆ ಸುಲಭ ಇತ್ತು. ಜೊತೆಗೆ ಇನ್ನೊಂದಿದೆ. ಅಂಥವರು ಹೊಸದು ಏನೇ ಬಂದ್ರೂ ಮೊದಲು ಬೇಡ ಅಂತಾರೆ. ಅದು ಅವರ ಮಾತಲ್ಲ, ಅವರ ಸ್ಥಿತಿ. ಪಟ್ಟಿ ಇಲ್ಲದಾಗ ನಿಮಗೆ ಕೇಳಿಸಿದ ‘ಇಲ್ಲ’ ಆಟಿಸಂ ಆಡಿದ್ದು. ಪಟ್ಟಿ ಇದ್ದಾಗ ಆಡಿದ್ದು ನಿಮ್ಮ ತಂಗಿ.”

ಕೇಳಿದಿರಾ? ಪಟ್ಟಿ ತಪ್ಪು ಮಾಡಿದರೆ ಅದು ಎರಡನೇ ಕಾಯಿಲೆ. ಪಟ್ಟಿ ಬಿಚ್ಚಿ ಅವಳೇ ಸರಿಯಾಗಿ ಹೇಳಿದರೆ ಅದೂ ಎರಡನೇ ಕಾಯಿಲೆ. ಎರಡು ಹೆಸರಿದ್ದವರನ್ನು ಹೀಗೆ ಒಂದು ಹೆಸರಿನಿಂದ ಇನ್ನೊಂದಕ್ಕೆ ದೂಡುತ್ತ ಇದ್ದರೆ ನಡುವೆ ಇರುವ ಮನುಷ್ಯಳು ಯಾರ ಕಣ್ಣಿಗೂ ಬೀಳುವುದಿಲ್ಲ.

“ಆಕಿ ಅಣ್ಣ ನಾನು. ಆಕಿ ಪರವಾಗಿ ನಾನು ಬ್ಯಾಡ ಅಂತೀನಿ. ಬರ್ಕೊಳ್ರಿ.”

“ಅದು ಮೊದಲು ಇತ್ತು. ಪಾಪ, ಮಾತು ಬಾರದಾಗ ಮನೆಯವರೇ ಮಾತಾಡ್ತಿದ್ರು. ಈಗ ಅವರಿಗೇ ಮಾತು ಬಂದಿದೆಯಲ್ಲ. ಅವರ ಬಾಯಿಗೆ ಇನ್ನೊಬ್ಬರು ಅಡ್ಡ ಬರಬಾರದು ಅಂತ ನಿಯಮ. ಸರಾಗ ಮಾತಿನಲ್ಲಿ ಹೇಳಿದ್ದೇ ಒಪ್ಪಿಗೆ. ಸರಾಗ ಮಾತಿನಲ್ಲಿ ಹೇಳಿದ್ದೇ ನಿರಾಕರಣೆ. ಗುರುವಾರ ಅವರೇ ಬೇಡ ಅಂದ್ರೆ ನಾವು ಮುಟ್ಟಲ್ಲ.”

“ಒಪ್ಪಿದ್ ಮ್ಯಾಲೆ ಆಪರೇಷನ್ ದಿನ ಒದ್ದಾಡಿದ್ರೆ?”

“ಒಪ್ಪಿಗೆ ದಾಖಲಾಗಿರುತ್ತೆ. ಆವತ್ತು ಒದ್ದಾಡಿದ್ರೆ ಅದು ಭಯ. ಭಯಕ್ಕೆ ಔಷಧಿ ಇದೆ.” ಅದೇ ನಗು.

ಡಾಕ್ಟರು ಹೋದ ಮೇಲೆ ದಾದಾಪೀರ ಹಲ್ಲು ಕಚ್ಚಿ ಪರದೆ ನೋಡುತ್ತ ನಿಂತ. ಅಲ್ಲಿ ಜೈನಾಬಿ ಏನೋ ಅನ್ನುತ್ತಿದ್ದಳು. ಈ ಸಲ ಮೇಲಿನ ಗೆರೆಗೂ ಬಾಲ ಇತ್ತು, ಕೆಳಗಿನ ಗೆರೆಗೂ ಇತ್ತು. ಕೆಂಪು ಚುಕ್ಕೆ ಇರಲಿಲ್ಲ.

“ಇದ್ಯಾಕೆ ಕತ್ತರಿಸ್ಲಿಲ್ಲ?”

“ಹೆಸರು ಸಾರ್ ಅದು. ಅಜ್ಜಿನ ಹೆಸರು ಹಿಡಿದು ಕರೀತಿದ್ದಾರೆ, ಇಮಾಂಬಿ-ಬಿ-ಬಿ ಅಂತ.” ಮಧುಕರ ಲೋಟ ಕೆಳಗಿಟ್ಟ. “ಪಟ್ಟಿಗೆ ಗೊತ್ತಿಲ್ಲದ ಪದ ಬಂದ್ರೆ ಯಾರದ್ದೋ ಹೆಸರು ಅಂದ್ಕೊಂಡು ಹಾಗೇ ಬಿಡುತ್ತೆ. ಹೆಸರು ತಿದ್ದೋಕೆ ಹೋಗಿ ಒಬ್ಬರ ಹೆಸರು ಇನ್ನೊಬ್ಬರದಾದ್ರೆ ಗಲಾಟೆ ಅಲ್ವಾ?”

ಹೆಸರಿಗೆ ಅಷ್ಟು ಮರ್ಯಾದೆ. ಮನುಷ್ಯರಿಗೆ ಇಲ್ಲ. ದಾದಾಪೀರ ಬಾಗಿಲು ಒದ್ದು ಹೊರಬಂದ.

*

“ಒಳ್ಳೇದಾಗಾಕತ್ತಿದ್ರೆ ನಿಂಗೇನೋ ಉರಿ?” ಅವ್ವ ಬಟ್ಟೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಲಿಲ್ಲ. “ನೀನು ಭಟ್ಟಿಗೆ ಹೋಗಿ ಕುಂತ್ಕೊಳ್ತಿದ್ದಿ. ಆಕೀನ ಅಂಗಡಿಗೆ ಕರ್ಕೊಂಡು ಹೋಗೋಳು ನಾನು. ಉಪ್ಪು-ಪ್ಪು-ಪ್ಪು ಅಂತ ಆಕಿ ನಿಂತ್ರೆ ಅಂಗಡಿಯವ ಹಿಂದಿದ್ದೋರಿಗೆಲ್ಲ ಕೊಟ್ಟು ಕಳ್ಸಿ ಕಡೀಗೆ ಮುಖ ನೋಡ್ತಿದ್ದ. ಜ್ವರ ಬಂದ್ರೆ ಎಲ್ಲಿ ನೋವು ಅಂತ ಹೇಳಾಕ ಬರ್ದೆ ಗೋಡೆಗೆ ತಲೆ ಹೊಡ್ಕೊಳ್ತಿದ್ಲು. ಈಗ ತಾನೇ ಹೋಗಿ ಉಪ್ಪು ತರ್ತಾಳೆ ಕಣೋ. ನಂಗೆ ಅಷ್ಟು ಸಾಕು.”

ಅದು ಸುಳ್ಳಲ್ಲ. ದಾದಾಪೀರನಿಗೆ ಸಿಟ್ಟು ಬಂದದ್ದೇ ಅದಕ್ಕೆ. ಪೂರಾ ಸುಳ್ಳಾಗಿದ್ದರೆ ಆ ಪಟ್ಟಿಯನ್ನು ಭಟ್ಟಿಯ ಬಾಯಿಗೆ ಎಸೆದು ಬರುತ್ತಿದ್ದ. ಉಪ್ಪು ಕೊಡಿಸುತ್ತದೆ, ಬದಲಿಗೆ ‘ಬೇಡ’ವನ್ನು ಕಿತ್ತುಕೊಳ್ಳುತ್ತದೆ. ಇಂಥ ವ್ಯಾಪಾರಕ್ಕೆ ಚಿಕಿತ್ಸೆ ಎಂದು ಹೆಸರು.

“ಉಪ್ಪು ತರ್ತಾಳೆ, ಖರೆ. ನಾಳೆ ಯಾವನೋ ಬಂದು ನನ್ ಜತಿ ಬರ್ತೀಯೇನು ಅಂದ್ರೆ? ಏನಂತೈತೆ ಆ ಕುತ್ತಿಗೆ?”

ಅವ್ವನ ಕೈಯಲ್ಲಿದ್ದ ಬಟ್ಟೆ ಅರ್ಧಕ್ಕೇ ನಿಂತಿತು. ನೀರು ತೊಟ್ಟಿಕ್ಕುತ್ತಿತ್ತು.

ದಾದಾಪೀರ ತನಗೆ ತೋಚಿದ ಉಪಾಯ ಹೂಡಿದ. ಪ್ರಶ್ನೆಯನ್ನೇ ತಿರುಗಿಸಿ ಕೇಳಿದರೆ? “ಜೈನೂ, ಆಪರೇಷನ್ ಬಿಡ್ತೀಯಾ?” “ಬಿಡ್ತೀನಿ.” ಸೈ! ಕುಣಿದಾಡಿದ. ಆದರೆ ಮರುಗಳಿಗೆಯಲ್ಲೇ “ಮಾಡಿಸ್ಕೊಳ್ತೀಯಾ?” ಎಂದರೆ “ಮಾಡಿಸ್ಕೊಳ್ತೀನಿ.” ಅಣ್ಣ ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ ಕೇಳಿದ, ಬಸವ ಎಲ್ಲದಕ್ಕೂ ತಲೆಯಾಡಿಸಿದ. ಎರಡೂ ಮಾತನ್ನು ಒಟ್ಟಿಗೆ ಅವರ ಮುಂದೆ ಆಡಿಸಿದರೆ ಪಟ್ಟಿಯ ಬಂಡವಾಳ ಬಯಲಾಗುತ್ತದೆ ಎಂದು ಲೆಕ್ಕ ಹಾಕಿಕೊಂಡ.

ಜೈನಾಬಿ ಅಣ್ಣನ ಈ ಆಟದಿಂದ ಬೇಸತ್ತು ಎದ್ದು ಹೋದಳು. ಅವಳಿಗೆ ತನ್ನದೇ ಆಟವಿತ್ತು. ಗಂಟಲಿನ ಮೇಲೆ, ಪಟ್ಟಿಯ ಅಂಚಿಗೆ, ಎರಡು ಬೆರಳಿಟ್ಟುಕೊಂಡು ಮನೆಯ ವಸ್ತುಗಳನ್ನೆಲ್ಲ ಕರೆಯುವುದು. “ತಂಬಿಗೆ.” ನುಣ್ಣಗೆ. “ಮೊರ.” ನುಣ್ಣಗೆ. “ದಾದಾಪೀರ್-ಪೀರ್-ಪೀರ್.” ಅಲ್ಲಿಗೆ ಬಂದಾಗ ಬೆರಳ ಕೆಳಗೆ ಅವಳದೇ ಗಂಟಲು ಮಿಡಿದು ಅವಳ ಮುಖ ಅರಳುತ್ತಿತ್ತು. ಬಾಗಿಲ ಬಳಿ ಓಡಾಡುವ ಕೋಳಿಗೆ ಅವಳಿಟ್ಟ ಹೆಸರು ಬುಲುಕಿ. “ಬುಲುಕಿ-ಕಿ-ಕಿ-ಕಿ” ಎಂದು ಕರೆದು ತಾನೇ ನಗುತ್ತಿದ್ದಳು.

“ಕೋಳಿ ಹೆಸರು ಕರ್ಕೊಂತ ಕುಂತೀಯಲ್ಲೇ, ನಿನ್ ಕುತ್ತಿಗೇಗೆ ಬಂದೈತೆ” ಎಂದು ದಾದಾಪೀರ ರೇಗಿದ. ಅವಳು ತಿರುಗಿಯೂ ನೋಡಲಿಲ್ಲ.

ಬುಧವಾರ ಊಟದ ಹೊತ್ತಿಗೆ ಅವ್ವ ಅಜ್ಜಿಯ ಮುಂದೆ ಸೌಟು ಹಿಡಿದಳು. ಅಜ್ಜಿ ಅಂಗೈ ಅಡ್ಡ ಹಿಡಿದಳು. “ಒಲ್ಲೆವ್ವಾ.” ಆಗ ಜೈನಾಬಿ ಎದ್ದು ಹೋಗಿ ಅಜ್ಜಿಯ ಸುಕ್ಕುಗಟ್ಟಿದ ಗಂಟಲಿನ ಮೇಲೆ ಎರಡು ಬೆರಳಿಟ್ಟಳು.

“ಏನವ್ವಾ ಇದು, ಕಚಗುಳಿ ಇಡತೀಯೇನು?” ಅಜ್ಜಿ ನಕ್ಕಳು.

ಜೈನಾಬಿ ನಗಲಿಲ್ಲ. ಬೆರಳೂ ತೆಗೆಯಲಿಲ್ಲ. ಅಜ್ಜಿ ಮತ್ತೊಮ್ಮೆ ಅನ್ನಲಿ ಎಂದು ಕಾದಳು.

*

ಒಪ್ಪಿಗೆ ಕೋಣೆಯಲ್ಲಿ ಮೆತ್ತನೆಯ ಕುರ್ಚಿ, ಮೆತ್ತನೆಯ ಬೆಳಕು. ಎಲ್ಲ ಮೆತ್ತಗಿದ್ದ ಕಡೆ ಕತ್ತಿ ಎಲ್ಲೋ ಹತ್ತಿರದಲ್ಲೇ ಇರುತ್ತದೆ ಎಂದುಕೊಂಡ ದಾದಾಪೀರ. ಜೈನಾಬಿ ನಡುವೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಎದುರಿಗೆ ಡಾಕ್ಟರು, ಪಕ್ಕದಲ್ಲಿ ನೀಲಾಂಬಿಕಾ ಮೇಡಂ, ಗೋಡೆಯ ಪರದೆಯ ಬಳಿ ಮಧುಕರ. ಗೋಡೆಗೊರಗಿ ಅವ್ವ, ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು.

“ಶುರು ಮಾಡೋ ಮೊದ್ಲು ನಂದೊಂದೈತೆ” ಎಂದ ದಾದಾಪೀರ. ಯಾರೂ ಬೇಡ ಎನ್ನುವ ಮೊದಲೇ ಕೇಳಿದ. “ಜೈನೂ, ಆಪರೇಷನ್ ಮಾಡಿಸ್ಕೊಳ್ತೀಯಾ?”

“ಮಾಡಿಸ್ಕೊಳ್ತೀನಿ.”

“ಆಪರೇಷನ್ ಬಿಡ್ತೀಯಾ?”

“ಬಿಡ್ತೀನಿ.”

“ಕೇಳಿದ್ರಾ? ಇದಕ್ಕೂ ಹೂಂ, ಅದಕ್ಕೂ ಹೂಂ! ಇದೇನ್ರಿ ನಿಮ್ ಒಪ್ಪಿಗೆ? ನಿಮ್ ಪಟ್ಟಿ ಸುಳ್ಳು ಹೇಳ್ತೈತೆ!”

ಡಾಕ್ಟರಿಗೆ ಬೇಸರವೂ ಆಗಲಿಲ್ಲ. “ಕೇಳಿದ ಮಾತನ್ನೇ ತಿರುಗಿ ಆಡೋದು. ಆಟಿಸಂನಲ್ಲಿ ಇದು ಮಾಮೂಲು. ನೀವು ಎರಡು ಥರ ಕೇಳಿದ್ರಿ, ಅವರು ಎರಡು ಥರ ಪ್ರತಿಧ್ವನಿ ಮಾಡಿದ್ರು. ಪಟ್ಟಿಯ ತಪ್ಪೇನಿದೆ ಇದ್ರಲ್ಲಿ?”

ವಾರವೆಲ್ಲ ಮಸೆದ ಕತ್ತಿ ಹತ್ತಿಯಲ್ಲಿ ಹೂತುಹೋದ ಹಾಗಾಯಿತು. ಮತ್ತೆ ಅದೇ ಎರಡನೇ ಹೆಸರು. ಎಲ್ಲ ಕಸವನ್ನೂ ತುಂಬುವ ಗೋಣಿಚೀಲ.

“ಇನ್ನು ನೀವು ಮಾತಾಡಿದ್ರೆ ಹೊರಗೆ ಕಳಿಸಬೇಕಾಗುತ್ತೆ” ಎಂದು ಡಾಕ್ಟರು ಜೈನಾಬಿಯ ಕಡೆ ತಿರುಗಿದರು. ಪರದೆಯ ಮೂಲೆಯಲ್ಲಿ ಕೆಂಪು ದೀಪ ಹತ್ತಿತು. “ಜೈನಾಬಿ ಅವರೇ, ಪಟ್ಟಿಯನ್ನ ಶಾಶ್ವತವಾಗಿ ಗಂಟಲೊಳಗೆ ಕೂರಿಸೋಕೆ ನೀವು ಒಪ್ತೀರಾ?”

ಜೈನಾಬಿಯ ಕಾಲು ಅಲ್ಲಾಡುವುದು ನಿಂತಿತು. ಎರಡು ಬೆರಳು ಗಂಟಲಿಗೆ ಹೋದವು. ದಾದಾಪೀರ ಕಣ್ಣು ಮುಚ್ಚಿಕೊಂಡ. ಆ ನುಣ್ಣನೆಯ ದನಿಯನ್ನು ಕೇಳಲು ಅವನಿಂದಾಗುತ್ತಿರಲಿಲ್ಲ.

“ಒಲ್ಲೆ-ಲ್ಲೆ-ಲ್ಲೆ-ಲ್ಲೆ-ಲ್ಲೆ.”

ಕಣ್ಣು ತೆರೆದ.

ಕೋಣೆಯ ತುಂಬ ಅದೇ ಹಳೆಯ ರೈಲು. ಅವಳದೇ ಗಂಟಲು, ಅವಳದೇ ಬಾಲ, ಒರಟು, ಉದ್ದ, ಎಲ್ಲೂ ಹೊಲಿಗೆ ಇಲ್ಲ. ಪರದೆಯ ಮೇಲೆ ಎರಡೂ ಗೆರೆ ಒಂದಕ್ಕೊಂದು ತದ್ರೂಪು. ಮಧುಕರ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ.

“ಸರ್, ಪಟ್ಟಿ ಕೈಬಿಟ್ಟಿದೆ. ಇದು ಹೆಸರು ಅಂತ ತೋರಿಸ್ತಿದೆ. ಹೆಸರು: ಒಲ್ಲೆ.”

“ಹೆಸರಲ್ರೀ ಅದು!” ದಾದಾಪೀರ ಕಿರುಚಿದ. “ಒಲ್ಲೆ! ಒಲ್ಲೆ ಅಂದ್ರೆ ಒಲ್ಲೆ!”

“ಜೈನಾಬಿ ಅವರೇ,” ಡಾಕ್ಟರು ಸಮಾಧಾನದಲ್ಲೇ ಕೇಳಿದರು, “ನಾನು ಯಾರ ಹೆಸರನ್ನೂ ಕೇಳ್ತಿಲ್ಲ. ಒಪ್ತೀರಾ?”

ಅವಳು ಈಗ ಇನ್ನೊಂದು ಕೈಯನ್ನೂ ಎತ್ತಿದಳು. ಮುಂದೆ ಗಂಗಾಳವಿದೆಯೇನೋ ಎಂಬಂತೆ ಅಂಗೈಯನ್ನು ಗಾಳಿಯಲ್ಲಿ ಅಡ್ಡ ಹಿಡಿದಳು. “ಒಲ್ಲೆ-ಲ್ಲೆ-ಲ್ಲೆ.”

“ನಿಮಗೆ ಗೊತ್ತೈತಿ ಸರ್,” ನೀಲಾಂಬಿಕಾ ಮೇಡಂ ಅಂದರು. ಈ ಸಲ ಅವರು ಬಾಗಿಲ ಕಡೆ ನೋಡಲಿಲ್ಲ. “ಹೆಸರಲ್ಲ ಅದು. ನಮ್ಮ ಕಡೆ ಕೂಸುಗಳೂ ಅಂತಾವ. ಕೇಳಿದ ಮಾತನ್ನ ತಿರುಗಿ ಆಡಿದ್ದೂ ಅಲ್ಲ. ನೀವು ಆ ಮಾತು ಆಡೇ ಇಲ್ಲ. ಆಕಿ ತಾನಾಗೇ ಹುಡುಕಿ ತಂದಾಳ.”

ಡಾಕ್ಟರು ಮೊದಲ ಸಲ ನಗುವುದನ್ನು ನಿಲ್ಲಿಸಿದರು. “ಮೇಡಂ, ನನಗೆ ಅರ್ಥ ಆಗೋದು ಬೇರೆ. ದಾಖಲೆಗೆ ಅರ್ಥ ಆಗಬೇಕು. ದಾಖಲೆಯಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಒಂದು ಹೆಸರಿದೆ.”

“ಒಪ್ಪಿಗೆ ಇಲ್ಲ ಅಂದ್ರಿ. ಅಷ್ಟು ಸಾಕು. ಒಪ್ಪಿಗೆ ಇಲ್ಲದೇ ಕೊಯ್ಯೋ ಹಂಗಿಲ್ಲ.”

ಕೆಂಪು ದೀಪ ಆರಿತು. ಡಾಕ್ಟರು ಎದ್ದರು, ಮತ್ತೆ ನಗುತ್ತಿದ್ದರು. “ಸರಿ. ಮುಂದೂಡೋಣ. ಒಳ್ಳೆ ಪದ ಸಿಕ್ಕಿತು. ಮಧುಕರ್, ಇದನ್ನ ಪಟ್ಟಿಗೆ ಸೇರಿಸಿ. ಮುಂದಿನ ತಿಂಗಳ ಹೊತ್ತಿಗೆ ಇದಕ್ಕೂ ಒಂದು ಸರಾಗ ರೂಪ ಬರಲಿ.”

ಯಾವ ಪಟ್ಟಿಗೆ? ಪದಗಳ ಪಟ್ಟಿಗೋ, ಕುತ್ತಿಗೆಯ ಪಟ್ಟಿಗೋ? ದಾದಾಪೀರನಿಗೆ ಎರಡೂ ಒಂದೇ ಎಂದು ಕಂಡಿತು. ಇವರ ಕೈಯಲ್ಲಿ ಸಿಕ್ಕ ಮೇಲೆ ಪದವೂ ಅಷ್ಟೇ, ಕತ್ತೂ ಅಷ್ಟೇ.

*

ಮನೆಗೆ ಬಂದವಳೇ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟತೊಡಗಿದಳು. ನಡೆದದ್ದನ್ನೆಲ್ಲ ದಾದಾಪೀರ ಅಜ್ಜಿಗೆ ಹೇಳಿದ. ಅಜ್ಜಿ ನಗುತ್ತ ಮೊಮ್ಮಗಳ ನೆಟಿಗೆ ಮುರಿದಳು.

“ನಗಬ್ಯಾಡಜ್ಜಿ. ಮುಂದಿನ ತಿಂಗ್ಳು ಆ ಮಾತಿಗೂ ಬಾಲ ಕತ್ತರಿಸ್ತಾರಂತೆ.”

“ಅದೊಂದ ಐತೇನೋ ಮಾತು?” ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. “ನಮ್ಮವ್ವ ಬೀಸೂ ಪದ ಹಾಡತಿದ್ಲು. ಅದರಾಗ ಎಷ್ಟರ ಅದಾವು. ನಾ ಬಾ...”

“ತಡಿ!” ದಾದಾಪೀರ ಅಜ್ಜಿಯ ಬಾಯಿಗೆ ಕೈ ಅಡ್ಡ ಹಿಡಿದ. ಜೈನಾಬಿಯ ಕುತ್ತಿಗೆಯಲ್ಲಿ ಹಸಿರು ದೀಪದ ಚುಕ್ಕೆ ಮಿನುಗುತ್ತಿತ್ತು. ತಣ್ಣಗಿನ ಕೋಣೆಯಲ್ಲಿ ಒಂದು ಗೆರೆ ಕಿವಿಗೊಟ್ಟು ಹರಿಯುತ್ತಿತ್ತು. ಕೇಳಿದಷ್ಟೂ ಜಾಣ ಆಗುತ್ತೆ ಸಾರ್.

ಹೇಳಬೇಕಾಗಿ ಬರಲಿಲ್ಲ. ಜೈನಾಬಿ ತಾನೇ ಪಟ್ಟಿ ಬಿಚ್ಚಿದಳು. ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಹೋದಳು. ದಾದಾಪೀರ ಬಾಗಿಲಲ್ಲಿ ನಿಂತು ನೋಡಿದ. ಓಣಿ ದಾಟಿ ಭಟ್ಟಿಯ ಒಳಗೆ ಹೋಗಿ, ಮರಳು ಸೋಸುವ ಜರಡಿ ಹಗಲೆಲ್ಲ ಗಡಗಡಿಸುವ ಕಡೆ, ಅಕ್ಕಿ ಚಟಪಟ ಸಿಡಿಯುವ ಕಡೆ, ಕಂಬದ ಮೊಳೆಗೆ ಆ ಪಟ್ಟಿಯನ್ನು ನೇತುಹಾಕಿದಳು. ಕೇಳಲಿ. ಬೇಕಾದಷ್ಟು ಕೇಳಿ ಮಂಡಕ್ಕಿಯ ಭಾಷೆ ಕಲಿಯಲಿ. ನಾಳೆ ಉಪ್ಪು ತರುವಾಗ ಮತ್ತೆ ಕಟ್ಟಿಕೊಂಡರಾಯಿತು.

ವಾಪಸು ಬಂದು ಅಜ್ಜಿಯ ಎದುರಿಗೆ ಕೂತು ಅವಳ ಗಂಟಲಿಗೆ ಬೆರಳಿಟ್ಟಳು. “ಹೇಳು-ಳು-ಳು.”

“ನಾ ಬಾರೆ,” ಎಂದಳು ಅಜ್ಜಿ. “ಬರೂದಿಲ್ಲ ಅನ್ನಾಕ. ನಾ ಕೊಡೆ. ನಾ ಉಣ್ಣೆ.”

“ಉಣ್ಣೆ ಅಂದ್ರೆ ಕಂಬಳಿ ಉಣ್ಣೆ ಅಲ್ಲೇನಜ್ಜಿ?” ಎಂದ ದಾದಾಪೀರ.

“ಅದೂ ಹೌದು, ಇದೂ ಹೌದು. ಆ ನಿಮ್ಮ ಯಂತ್ರ ಕಂಬಳಿ ಹುಡುಕ್ಕೊಂತ ಕುಂದರ್ಲಿ.”

ದಾದಾಪೀರನಿಗೆ ವಾರದಲ್ಲಿ ಮೊದಲ ಸಲ ನಗು ಬಂತು. ಬಂದದ್ದು ಪೂರ್ತಿ ಬರಲಿಲ್ಲ. ಅಜ್ಜಿಯ ಚೀಲದಲ್ಲಿ ಮಾತು ಎಷ್ಟಿವೆಯೋ, ಅವರ ಪಟ್ಟಿಗೆ ಹಸಿವು ಎಷ್ಟಿದೆಯೋ.

ಅವ್ವ ರೊಟ್ಟಿ ಹಿಡಿದು ಬಂದಳು. ಮಗಳ ಗಂಗಾಳದ ಮೇಲೆ ಬಗ್ಗಿದವಳು ಅಲ್ಲೇ ತಡೆದಳು. ಹಾಕಬೇಕೋ ಬೇಡವೋ ತಿಳಿಯದವಳ ಹಾಗೆ, ಹೊಸಬರನ್ನು ಕೇಳುವ ಹಾಗೆ ಕೇಳಿದಳು.

“ಇನ್ನೊಂದ್ ಹಾಕ್ಲೇನೇ ಜೈನೂ?”

ಜೈನಾಬಿ ಅಂಗೈ ಅಡ್ಡ ಹಿಡಿದಳು. “ಉಣ್ಣೆ-ಣ್ಣೆ-ಣ್ಣೆ-ಣ್ಣೆ-ಣ್ಣೆ...”

ಬಾಲ ಉದ್ದವಿತ್ತು. ಅದು ಪೂರ್ತಿ ಮುಗಿಯುವವರೆಗೆ ರೊಟ್ಟಿ ಹಿಡಿದ ಅವ್ವನ ಕೈ ಗಾಳಿಯಲ್ಲೇ ಕಾದಿತ್ತು. ಮುಗಿದ ಮೇಲೆ ಹಿಂದಕ್ಕೆ ಹೋಯಿತು.